ಸೂಜಿ ಬಿದ್ದ ಸೊಂಟ

ನನ್ನ ಆಸ್ಪತ್ರೆ ಫೈಲಿನ ಮೂರನೇ ಹಾಳೆಯಲ್ಲಿ ಒಂದು ಸಾಲಿದೆ. ಇಂಗ್ಲಿಷಿನಲ್ಲಿದೆ, ಅರ್ಥ ಇಷ್ಟು: ಬಿದ್ದಿಲ್ಲ, ಪೆಟ್ಟಾಗಿಲ್ಲ, ಭಾರ ಎತ್ತಿಲ್ಲ. ಈಗ ಆ ಸಾಲಿನ ಮೇಲೆ ಅಡ್ಡಗೆರೆ ಇದೆ, ಪಕ್ಕದಲ್ಲಿ ವೈದ್ಯರ ಸಹಿ ಇದೆ. ಅದು ಸುಳ್ಳು ಸಾಲು. ಬರೆದವರು ವೈದ್ಯರು, ಬರೆಸಿದವನು ನಾನು.

ದಾವಣಗೆರೆಯ ಪತ್ರಿಕೆಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಹರಿಹರ ತಾಲ್ಲೂಕಿನ ವರದಿಗಾರನಾಗಿದ್ದೆ, ಈಗ ಡೆಸ್ಕಿನಲ್ಲಿ ಬೇರೆಯವರ ಸುದ್ದಿ ತಿದ್ದುತ್ತೇನೆ. ಬೆನ್ನಿಗೆ ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಂಡವನು ಎಂದು ಗೊತ್ತಾದ ಮೇಲೆ ಸೊಂಟನೋವಿನವರು ಹುಡುಕಿಕೊಂಡು ಬಂದು, "ಹೆಂಗಾತು ಸರ್, ತಗಬಹುದಾ?" ಎಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಆ ಮೂರನೇ ಹಾಳೆಯಿಂದಲೇ ಶುರುವಾಗುತ್ತದೆ. ಇಲ್ಲಿಯೂ ಹಾಗೆಯೇ.

ನೋವು ಬಂದದ್ದು ಎರಡು ವರ್ಷದ ಹಿಂದೆ. ಮೊದಲು ಸೊಂಟದ ಎಡಗಡೆ, ಕುರ್ಚಿಯಿಂದ ಏಳುವಾಗ ಮಾತ್ರ. ಆಮೇಲೆ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ ಇಳಿಯಿತು. ಸೀನಿದರೆ ಕಾಲಿನೊಳಗೆ ಕಾದ ತಂತಿ ಎಳೆದಂತಾಗುತ್ತಿತ್ತು. ನನ್ನ ಮನೆ ಹರಿಹರದಲ್ಲಿ. ದಾವಣಗೆರೆಗೆ ದಿನಾ ಬಸ್ಸು. ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದೆ. "ಯಾಕ್ ಸರ್, ಸೀಟಿಗೆ ಏನಾರ ಮೆತ್ತೈತಾ?" ಎಂದು ಕಂಡಕ್ಟರ್ ಒಬ್ಬರು ಕೇಳಿದ್ದುಂಟು. ಮಾತ್ರೆ, ಬೆಲ್ಟು, ಫಿಸಿಯೋಥೆರಪಿ ಎಲ್ಲ ಆದವು. ಎಂಆರ್‌ಐ ಆಯಿತು. ಕೆಳಬೆನ್ನಿನ ಒಂದು ಡಿಸ್ಕ್ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದರು. ನರದ ಸುತ್ತ ಇರುವ ಊತ ಇಳಿಸಲು ಸ್ಟಿರಾಯ್ಡ್ ಕೊಡೋಣ, ಕೆಲಸ ಮಾಡಬಹುದು, ಮಾಡದೆಯೂ ಇರಬಹುದು ಎಂದು ವೈದ್ಯರು ನೇರವಾಗಿಯೇ ಹೇಳಿದರು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ಗಿರಿಜಾ ಸೌತೆಕಾಯಿ ಹೆಚ್ಚುತ್ತಿದ್ದಳು.

"ಸ್ಟಿರಾಯ್ಡಾ? ಅದು ಜಿಮ್ಮಿಗೆ ಹೋಗೋರು ತಗಳಾದಲ್ಲೇನ್ರಿ?"

"ಇದು ಬೇರೆ."

"ಬೆನ್ನುಹುರಿಗೆ ಚುಚ್ಚಿದ್ರೆ ಕಾಲು ಹೋಗ್ತಾವಂತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

ಎಲ್ಲರೂ ಹೇಳುತ್ತಾರೆ ಎಂದು ಬರೆದು ತಂದ ಸುದ್ದಿಯನ್ನು ನಾನು ಡೆಸ್ಕಿನಲ್ಲಿ ವಾಪಸು ಕಳಿಸುತ್ತೇನೆ. ಆದರೆ ನನ್ನ ಹೆದರಿಕೆಗೆ ಅಷ್ಟು ಆಧಾರ ಸಾಕಾಯಿತು.

ಈ ಹೆದರಿಕೆಯಲ್ಲಿ ನನಗೊಬ್ಬರು ಜೊತೆ ಇದ್ದರು. ನನ್ನ ದೊಡ್ಡಮ್ಮನ ಮಗಳು ಲಲಿತಕ್ಕ, ನನಗಿಂತ ಆರು ವರ್ಷ ದೊಡ್ಡವಳು, ಕಡರನಾಯಕನಹಳ್ಳಿಯಲ್ಲಿದ್ದಾಳೆ. ಭತ್ತದ ನಾಟಿಗೆ ಹೋಗುವ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ನಾಲೆಗೆ ನೀರು ಬಿಟ್ಟ ಮೇಲೆ ಯಾರ ಗದ್ದೆಗೆ ಯಾವತ್ತು ಇಳಿಯಬೇಕು ಎಂದು ಅವಳು ಹೇಳಬೇಕು, ಸಾಲಿನ ಮೊದಲ ಸಸಿ ಅವಳು ಊರಬೇಕು. ಮೂವತ್ತು ವರ್ಷ ಕೆಸರಿನಲ್ಲಿ ಬಗ್ಗಿದ ಸೊಂಟ ಅವಳದು. ನನ್ನ ವೈದ್ಯರಿಗೇ ಅವಳನ್ನೂ ತೋರಿಸಿದ್ದೆ. ಅವಳಿಗೂ ಅದೇ ಇಂಜೆಕ್ಷನ್ ಹೇಳಿದ್ದರು. ಶ್ರಾವಣದ ನಾಟಿಯೊಳಗೆ ಆಗಿಬಿಡಲಿ ಎಂದು, ನನ್ನದಾದ ಒಂಬತ್ತನೇ ದಿನಕ್ಕೆ ಅವಳಿಗೆ ದಿನ ಕೊಟ್ಟಿದ್ದರು.

"ನೋಡು ಶೇಖರ," ಎಂದಿದ್ದಳು, "ಮೊದ್ಲು ನೀನು ತಗಾ. ತಗಂಡು ಹೆಂಗಾತು ಅಂತ ಇದ್ದಿದ್ದು ಇದ್ದಂಗೆ ಹೇಳು. ನೀನು ಹೂಂ ಅಂದ್ರೆ ನಾನು ಬರ್ತೀನಿ, ಬ್ಯಾಡ ಅಂದ್ರೆ ಬಿಡ್ತೀನಿ. ಡಾಕ್ಟ್ರು ತಮ್ಮ ಅಂಗಡಿ ಮಾಲು ಚಲೋ ಐತೆ ಅಂತಾನೇ ಅಂತಾರೆ. ನೀನು ಪೇಪರ್‌ನೋನು, ಸುಳ್ಳು ಹೇಳಿದ್ರೆ ಕೆಲ್ಸ ಹೋಗ್ತೈತೆ."

"ಹಂಗೆ ಹೋಗೋದಾಗಿದ್ರೆ ಅರ್ಧ ಆಫೀಸು ಖಾಲಿ ಆಗ್ತಿತ್ತಕ್ಕ," ಎಂದು ನಾನು ನಕ್ಕೆ.

ಅವಳು ನಗಲಿಲ್ಲ. "ನಿನ್ನ ಮಾತಿನ ಮೇಲೆ ಬಿಟ್ಟೀನಿ," ಎಂದಳು.

ಲಲಿತಕ್ಕನ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಅವಳು ಕಾಲು ಮುಂದಾಗಿ ಹುಟ್ಟಿದವಳು. ಸೊಂಟ ಹಿಡಿದವರನ್ನು ಹಾಗೆ ಹುಟ್ಟಿದವರು ಮೂರು ಸಲ ಒದ್ದರೆ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಒದೆ ಎಂದರೆ ಜಗಳದ ಒದೆಯಲ್ಲ. ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಿದವರ ಸೊಂಟದ ಮೇಲೆ ಅಂಗಾಲಿಟ್ಟು ನೂಕುವುದು. ಮಲೆಬೆನ್ನೂರು ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದವರನ್ನೂ ಅವಳು ಒದ್ದಿದ್ದಾಳೆ. ಯಾರಿಂದಲೂ ಎಲೆ ಅಡಿಕೆ ಕೂಡ ಮುಟ್ಟಿದವಳಲ್ಲ.

ವರದಿಗಾರನಾದ ಹೊಸದರಲ್ಲಿ ನಾನು ಇದರ ಬಗ್ಗೆ ಬರೆದಿದ್ದೆ. 'ಇಲ್ಲಿ ಒದೆಯೇ ಔಷಧಿ' ಎಂದು ಶೀರ್ಷಿಕೆ. ಅವಳ ಹೆಸರು ಹಾಕಿರಲಿಲ್ಲ, ಊರಿನ ಹೆಸರು ಹಾಕಿದ್ದೆ. ಆ ಊರಿನಲ್ಲಿ ಹಾಗೆ ಒದೆಯುವವಳು ಅವಳೊಬ್ಬಳೇ. ನನ್ನ ಹೆಸರೂ ಇರಲಿಲ್ಲ, 'ನಮ್ಮ ಪ್ರತಿನಿಧಿಯಿಂದ' ಎಂದಿತ್ತು. ಮಾತಾಡಿಸಲು ಹೋದಾಗ ಅವಳು ಒಂದು ವಿಷಯ ಒತ್ತಿ ಹೇಳಿದ್ದಳು. ಕಾಲಿಡುವ ಮುಂಚೆ ಮೂರು ಮಾತು ಕೇಳಬೇಕು. ಹೊಟ್ಟೇಲಿ ಕೂಸೈತಾ? ಆಪರೇಷನ್ ಆಗೈತಾ? ಸೊಂಟಕ್ಕೆ ಸೂಜಿ ಬಿದ್ದೈತಾ? ಯಾವುದಕ್ಕೆ ಹೌದು ಎಂದರೂ ಕಾಲಿಡುವಂತಿಲ್ಲ, ಆಸ್ಪತ್ರೆಗೆ ಕಳಿಸಬೇಕು. ಇದನ್ನು ಅವಳಿಗೆ ಕಲಿಸಿದವಳು ಊರಿನ ಸೂಲಗಿತ್ತಿ. ಆ ಸಾಲುಗಳನ್ನು ನಾನು ಕೈಬಿಟ್ಟೆ. ಜಾಗ ಇರಲಿಲ್ಲ ಎಂದಲ್ಲ. ಅವು ಇದ್ದರೆ ಸುದ್ದಿಯ ತಮಾಷೆ ಕೆಡುತ್ತಿತ್ತು.

ಸುದ್ದಿ ಬಂದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡವರು ಸೊಂಟ ಹಿಡಿದುಕೊಂಡು "ಅಯ್ಯೋ ಡಾಕ್ಟ್ರಮ್ಮಾ" ಎನ್ನುತ್ತಿದ್ದರಂತೆ. ಅವಳು ಅದರ ಬಗ್ಗೆ ನನ್ನನ್ನು ಕೇಳಲಿಲ್ಲ. ಕೇಳಿದ್ದು ಒಂದೇ: "ಆ ಮೂರು ಮಾತು ಯಾಕ ಹಾಕ್ಲಿಲ್ಲ?"

"ಮೇಲಿನೋರು ತೆಗೆದ್ರಕ್ಕ," ಎಂದೆ. ಮೇಲಿನವರು ಆ ಸಾಲುಗಳನ್ನು ನೋಡಿಯೇ ಇರಲಿಲ್ಲ.

ಇಂಜೆಕ್ಷನ್ ಒಂದು ಸಲ ಮುಂದಕ್ಕೆ ಹೋಯಿತು. ಶುಗರ್ ಜಾಸ್ತಿ ಇದೆ, ಇಳಿಸಿಕೊಂಡು ಬನ್ನಿ ಎಂದರು. ಎರಡನೇ ಸಲ ಒಂದು ಮಂಗಳವಾರಕ್ಕೆ ದಿನ ಸಿಕ್ಕಿತು.

ಆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸ್ಟೀಲಿನ ಕುರ್ಚಿಗಳ ಎರಡು ಸಾಲಿವೆ. ಕುರ್ಚಿಗಳು ಬಹುತೇಕ ಖಾಲಿ, ರೋಗಿಗಳೆಲ್ಲ ಗೋಡೆಗೆ ಆತು ನಿಂತಿದ್ದರು. ರೋಗಿಗಳ ಜೊತೆ ಬಂದವರಷ್ಟೇ ಕುಳಿತಿದ್ದರು, ಅದೂ ಸ್ವಲ್ಪ ಸಂಕೋಚದಿಂದ. ನನ್ನ ಪಕ್ಕ ನಿಂತವರು ಕರೂರಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ನಡೆಸುವವರು, ಅಂಗಿಯ ಮೇಲೆಯೇ ಬೆಲ್ಟು ಬಿಗಿದಿದ್ದರು.

"ಕುರ್ಚಿ ಹಾಕ್ಸಿದೋರಿಗೆ ಸೊಂಟನೋವು ಬಂದಿಲ್ಲ ಬಿಡ್ರಿ," ಎಂದರು.

ಅವರು ಎರಡನೇ ಇಂಜೆಕ್ಷನ್‌ಗೆ ಬಂದಿದ್ದರು. ಮೊದಲನೆಯದು ಹೇಗಿತ್ತು ಎಂದು ಕೇಳಿದೆ.

"ನಾಕು ದಿನ ಸತ್ತೆ ಅಂತ ತಿಳ್ಕಳ್ರಿ. ಇದ್ದ ನೋವಿಗಿಂತ ಜಾಸ್ತಿ. ಮನೆಯಾಗೆ ಎಲ್ರಿಗೂ ಬೈದೆ, ಡಾಕ್ಟ್ರಿಗೂ ಬೈದೆ. ಹತ್ತನೇ ದಿನಕ್ಕೆ ಸಂತೆಗೆ ಹೋಗಿ ತರಕಾರಿ ಹೊತ್ಕಂಡು ಬಂದೆ. ಐದು ತಿಂಗ್ಳು ಆರಾಮಿದ್ದೆ. ಈಗ ಮತ್ತೆ ಹಿಡಿದೈತೆ, ಬಂದೀನಿ."

ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ನಾಲ್ಕು ದಿನ ನೋವು ಹೆಚ್ಚಾಗಬಹುದು ಎಂದು ನನಗೆ ಮೊದಲೇ ಗೊತ್ತಿತ್ತು. ವೈದ್ಯರು ಹೇಳಿದ್ದರು, ಅನುಭವಿಸಿದವರೂ ಹೇಳಿದರು. ಗೊತ್ತಿರಲಿಲ್ಲ ಎನ್ನುವ ನೆಪ ನನಗಿಲ್ಲ.

ಒಳಗೆ ಹಸಿರು ಗೌನು ತೊಡಿಸಿದರು. ಅದರ ಬೆನ್ನಿನ ಕಡೆ ಎರಡು ದಾರ ಬಿಟ್ಟರೆ ಏನೂ ಇಲ್ಲ. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸಿದರು. ಬೆನ್ನಿಗೆ ತಣ್ಣನೆಯ ಔಷಧಿ ಒರೆಸಿದರು. ಮರಗಟ್ಟಿಸುವ ಸೂಜಿ ಕೆಂಜಿಗ ಕಚ್ಚಿದಂತೆ ಉರಿಯಿತು. ಆಮೇಲಿನ ಸೂಜಿ ನೋಯಲಿಲ್ಲ, ಒತ್ತಿತು. ಯಾರೋ ನನ್ನ ತೊಡೆಯೊಳಗೆ ನಿಧಾನವಾಗಿ ನೀರು ತುಂಬುತ್ತಿರುವಂತೆ. ತಲೆಯ ಪಕ್ಕ ಇದ್ದ ಪರದೆಯಲ್ಲಿ ನನ್ನದೇ ಮೂಳೆಗಳ ಬೂದು ಚಿತ್ರ ಕಾಣುತ್ತಿತ್ತು. ನಾನು ನಡುಗುತ್ತಿದ್ದೆ. ಕಾಲ ಬಳಿ ನಿಂತಿದ್ದ ಆಯಾ ನನ್ನ ಎಡ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದರು.

"ಪಾದ ಹಿಡ್ಕಂಡೀನಿ ಸರ್. ನೀವು ಅಲ್ಲಾಡಬ್ಯಾಡ್ರಿ ಅಷ್ಟೇ."

ಆ ಕೈಯನ್ನು ಅವರು ಕೊನೆಯವರೆಗೂ ತೆಗೆಯಲಿಲ್ಲ. ಇಡೀ ಚಿಕಿತ್ಸೆಯಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಆ ಕೈಯ ಬಿಸಿ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಎರಡು ತಾಸು ಮಲಗಿಸಿ ಮನೆಗೆ ಕಳಿಸಿದರು. ಕೈಗೆ ಕನ್ನಡದ ಒಂದು ಸೂಚನಾ ಪತ್ರ ಕೊಟ್ಟರು: ಬಗ್ಗಬಾರದು, ಭಾರ ಎತ್ತಬಾರದು, ಬೆನ್ನು ತಿಕ್ಕಿಸಬಾರದು, ತುಳಿಸಬಾರದು. ಬಸ್ಸಿನಲ್ಲಿ ಪೆನ್ನು ತೆಗೆದು ಅದರಲ್ಲಿದ್ದ ಅಚ್ಚಿನ ತಪ್ಪುಗಳನ್ನು ಗುರುತು ಮಾಡಿದೆ. ಅಭ್ಯಾಸಬಲ. ತಪ್ಪು ಹುಡುಕುತ್ತಾ ಓದಿದವನಿಗೆ ಕಾಗದ ಏನು ಹೇಳುತ್ತಿದೆ ಎಂಬುದು ಒಳಗೆ ಇಳಿಯುವುದಿಲ್ಲ.

ಬುಧವಾರ ಪರವಾಗಿರಲಿಲ್ಲ. ಗುರುವಾರ ನೋವು ಏರಿತು. ಶುಕ್ರವಾರ, ಶನಿವಾರ ಗೋಡೆ ಹಿಡಿದು ಬಚ್ಚಲಿಗೆ ಹೋದೆ. ಇನ್ನು ನಾನು ನಡೆಯುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಭಾನುವಾರ ಬೆಳಿಗ್ಗೆ, ಆಫೀಸಿನಿಂದ ಒಂದು ಸಹಿಗೆ ಕರೆದಿದ್ದಾರೆ ಎಂದು ಗಿರಿಜಾಳಿಗೆ ಹೇಳಿ ಆಟೋ ಹತ್ತಿ ಕಡರನಾಯಕನಹಳ್ಳಿಗೆ ಹೋದೆ.

ಲಲಿತಕ್ಕ ಅಂಗಳದಲ್ಲಿ ಭತ್ತದ ಸಸಿ ಕಟ್ಟಲು ಬಾಳೆನಾರು ಸೀಳುತ್ತಿದ್ದಳು. ನಾನು ಆಟೋದಿಂದ ಇಳಿದ ರೀತಿ ನೋಡಿಯೇ ಎದ್ದಳು. ಏಳುವಾಗ ಅವಳೂ ಕಂಬ ಹಿಡಿದಳು.

"ಏನಲೇ ಇದು, ಕೊಕ್ಕರೆ ಬಂದಂಗೆ ಬರ್ತಿದೀಯ? ಇಂಜೆಕ್ಷನ್ ತಗಂಡೇನು?"

"ಇಲ್ಲಕ್ಕ. ಮತ್ತೆ ಶುಗರ್ ಜಾಸ್ತಿ ಇತ್ತು. ಮತ್ತೆ ಮುಂದಕ್ಕೆ ಹಾಕಿದ್ರು."

ಹಳೆಯ ನಿಜಕ್ಕೆ ಹೊಸ ತಾರೀಕು ಹಾಕಿದ ಸುಳ್ಳು. ಸಲೀಸಾಗಿ ಬಂತು.

"ಮತ್ತೆ ಇಲ್ಲಿಗೆ ಯಾಕ ಬಂದಿ?"

ನಾನು ಹೊಸ್ತಿಲ ಕಡೆ ನೋಡಿದೆ. ಅವಳಿಗೆ ತಿಳಿಯಿತು. ಅವಳ ಮುಖದಲ್ಲಿ ನಗು ಬಂದು ಹೋಯಿತು.

"ಒದೆಯೇ ಔಷಧಿ ಅಂತ ಬರೆದೋನು ನೀನೇ ಅಲ್ಲೇನೋ?"

"ಈಗ ಅದನ್ನೆಲ್ಲ ಬಿಡಕ್ಕ."

"ಬಿಟ್ಟೆ. ನಿನ್ನ ನೋವು ನೋಡಾಕಾಗಲ್ಲ. ಆದ್ರೆ ಮೂರು ಮಾತು ಕೇಳ್ದೆ ಕಾಲಿಡಲ್ಲ. ಹೊಟ್ಟೇಲಿ ಕೂಸಂತೂ ಇಲ್ಲ. ಆಪರೇಷನ್ ಆಗೈತಾ?"

"ಇಲ್ಲ."

"ಸೊಂಟಕ್ಕೆ ಸೂಜಿ ಬಿದ್ದೈತಾ?"

"ಇಲ್ಲ."

ಹೊಸ್ತಿಲಿಗೆ ಅಡ್ಡಲಾಗಿ, ತಲೆ ಅಂಗಳದ ಕಡೆ ಮಾಡಿ ಮಲಗಿದೆ. ಐದು ದಿನದ ಹಿಂದೆ ಮಲಗಿದ್ದ ಭಂಗಿಯೇ. ಮೊದಲ ಒದೆ ಹಗುರವಾಗಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಬಿದ್ದಾಗ ಕಣ್ಣಿಗೆ ಕತ್ತಲೆ ಕಟ್ಟಿತು. "ಎದ್ದೋಗು, ತಿರುಗಿ ನೋಡಬ್ಯಾಡ" ಎಂದಳು. ಪದ್ಧತಿಯೇ ಹಾಗೆ. ನಾನು ತಿರುಗಿ ನೋಡಲಿಲ್ಲ.

ಹರಿಹರದ ಮನೆ ಮುಂದೆ ಆಟೋದಿಂದ ಇಳಿಯಲು ಆಗಲಿಲ್ಲ. ಇಬ್ಬರು ಎತ್ತಿ ಒಳಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಆಂಬುಲೆನ್ಸಿನಲ್ಲಿ ದಾವಣಗೆರೆಗೆ. ವೈದ್ಯರು ಭಾನುವಾರವೂ ಬಂದರು. ಫೈಲು ತೆರೆದು, ಪೆನ್ನು ಹಿಡಿದು ಕೇಳಿದರು.

"ಬಿದ್ರಾ?"

"ಇಲ್ಲ ಸರ್."

"ಬೆನ್ನಿಗೆ ಏನಾದ್ರೂ ಪೆಟ್ಟು?"

"ಇಲ್ಲ."

"ಭಾರ ಎತ್ತಿದ್ರಾ?"

"ಇಲ್ಲ."

ಗಿರಿಜಾ ಪಕ್ಕದಲ್ಲಿದ್ದಳು. ವೈದ್ಯರು ನನ್ನ ಮುಖವನ್ನು ಒಂದು ಕ್ಷಣ ನೋಡಿ ಬರೆದುಕೊಂಡರು. ಪೆನ್ನಿನ ಸದ್ದು ನನಗೆ ಕೇಳಿಸಿತು. ಜೀವನವಿಡೀ ಬೇರೆಯವರು ಹೇಳಿದ್ದನ್ನು ಬರೆದುಕೊಂಡವನು ನಾನು. ಎದುರಿಗಿರುವವರು ಸುಳ್ಳು ಹೇಳಿದರೆ ಬರೆದುಕೊಳ್ಳುವವನು ಹೇಗೆ ಮೂರ್ಖನಾಗುತ್ತಾನೆ ಎಂದು ಬಲ್ಲೆ. ಆದರೂ ಬರೆಸಿದೆ. ನಿಜ ಹೇಳಿದ್ದರೆ ಅವರೇನೂ ಬೈಯುತ್ತಿರಲಿಲ್ಲ. ವಾರಕ್ಕೆ ಇಬ್ಬರಾದರೂ ಹೀಗೆ ಮಾಡಿಕೊಂಡು ಬರುತ್ತಾರೆ ಎಂದು ಆಮೇಲೆ ಅವರೇ ಹೇಳಿದರು. ನನಗೆ ನಾಚಿಕೆಯಾದದ್ದು ಒದೆಸಿಕೊಂಡಿದ್ದಕ್ಕಲ್ಲ. ಪತ್ರಿಕೆಯವನು ಒದೆಸಿಕೊಂಡ ಎಂದು ಇನ್ನೊಬ್ಬರಿಗೆ ಗೊತ್ತಾಗುತ್ತದಲ್ಲ, ಅದಕ್ಕೆ.

ಮತ್ತೊಂದು ಸ್ಕ್ಯಾನ್ ಮಾಡಿದರು. ಹೊಸ ಹಾನಿ ಕಾಣಲಿಲ್ಲ. ಸ್ನಾಯು ಬಿಗಿದುಕೊಂಡಿದೆ, ಯಾಕೆಂದು ಗೊತ್ತಾಗುತ್ತಿಲ್ಲ ಎಂದರು. ಮೂರು ದಿನ ಇಟ್ಟುಕೊಂಡರು.

ಮಂಗಳವಾರ ಲಲಿತಕ್ಕ ವಾರ್ಡಿಗೆ ಬಂದಳು. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಡಬ್ಬಿಯಲ್ಲಿ ಮೊಸರು. ಅವಳ ಇಂಜೆಕ್ಷನ್‌ಗೆ ಇನ್ನು ಎರಡು ದಿನ ಇತ್ತು. ಗಿರಿಜಾ ಅವಳನ್ನು ಕಂಡೊಡನೆ, "ನೋಡಕ್ಕ, ಆ ಇಂಜೆಕ್ಷನ್ ತಗಂಡು ಹೆಂಗಾಗ್ಯಾರೆ," ಎಂದು ಕಣ್ಣೀರು ಹಾಕಿದಳು. ಆಮೇಲೆ ಔಷಧಿ ತರಲು ಕೆಳಗೆ ಹೋದಳು. ಲಲಿತಕ್ಕ ಸ್ಟೂಲ್ ಎಳೆದುಕೊಂಡಳು.

"ಮುಂದಕ್ಕೆ ಹಾಕಿದ್ರು ಅಂದಿದ್ದಿ?"

"ಭಾನುವಾರ ನಿಮ್ಮೂರಿಂದ ಬಂದ್ಮೇಲೆ ಕರೆಸಿ ಕೊಟ್ರಕ್ಕ."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ನನ್ನ ಕಾಲಿಂದ ಏನೂ ಆಗಿಲ್ಲ ಹೌದಿಲ್ಲೋ?"

"ಇಲ್ಲಕ್ಕ."

"ಹಂಗಾರೆ ಆ ಇಂಜೆಕ್ಷನ್ದೇ?"

ಹೌದೆಂದು ತಲೆಯಾಡಿಸಿದೆ.

"ನಾನು ತಗಳ್ಲಾ, ಬ್ಯಾಡಾ? ನಿನ್ನ ಮಾತು ನೋಡು."

"ಬ್ಯಾಡಕ್ಕ."

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಸೂಜಿಯ ಹೆದರಿಕೆ ತಪ್ಪಿತೆಂದು ಬಿಟ್ಟ ಉಸಿರು ಎಂದುಕೊಂಡೆ. ಹೋಗುವಾಗ ಕೆಳಗಿನ ಕೌಂಟರಿನಲ್ಲಿ ತನ್ನ ದಿನವನ್ನು ಬಿಡಿಸಿ ಹೋದಳು.

ನಾನು ಮನೆಗೆ ಬಂದೆ. ಇಂಜೆಕ್ಷನ್ ಆಗಿ ಹದಿನಾಲ್ಕನೇ ದಿನ, ಒಗ್ಗರಣೆ ಘಾಟಿಗೆ ಸೀನು ಬಂತು. ಸೀನಿದೆ. ಕಾಲಿನಲ್ಲಿ ಏನೂ ಆಗಲಿಲ್ಲ. ಇನ್ನೊಂದು ಸಲ ಬೇಕೆಂದೇ ಕೆಮ್ಮಿದೆ. ಏನೂ ಇಲ್ಲ. ಮರುದಿನ ಬಸ್ಸಿನಲ್ಲಿ ದಾವಣಗೆರೆವರೆಗೂ ಕುಳಿತು ಹೋದೆ. ಗಿರಿಜಾ ದೇವರ ಮುಂದೆ ಕಾಯಿ ಒಡೆದಳು. ನನಗೆ ಮಾತ್ರ ಆ ಕ್ಷಣದಲ್ಲೇ ಗೊತ್ತಾಯಿತು: ಇಂಜೆಕ್ಷನ್ ಕೆಲಸ ಮಾಡಿದೆ, ನಾನು ಲಲಿತಕ್ಕನಿಗೆ ಬೇಡ ಎಂದಿದ್ದೇನೆ.

ಫೋನು ಕೈಯಲ್ಲೇ ಇತ್ತು. ಒಂದು ಕರೆ ಮಾಡಿದ್ದರೆ ಸಾಕಿತ್ತು. ಹನ್ನೊಂದು ದಿನ ಮಾಡಲಿಲ್ಲ. ನೋವು ಮತ್ತೆ ಬಂದರೆ, ಇನ್ನೂ ಎರಡು ದಿನ ನೋಡೋಣ ಎಂದುಕೊಂಡೆ. ಆಮೇಲೆ, ಹೇಗೂ ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ಮುಗಿಯಲಿ ಎಂದುಕೊಂಡೆ. ಆ ದಿನಗಳಲ್ಲಿ ಡೆಸ್ಕಿನಲ್ಲಿ ಎರಡು 'ತಿದ್ದುಪಡಿ' ಬರೆದೆ. ಒಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರ ಇನಿಷಿಯಲ್ ತಪ್ಪಿತ್ತು. ಇನ್ನೊಂದರಲ್ಲಿ ಚಿತ್ರದಲ್ಲಿದ್ದವರ ಕ್ರಮ ಅದಲುಬದಲಾಗಿತ್ತು. ಎರಡಕ್ಕೂ 'ವಿಷಾದಿಸುತ್ತೇವೆ' ಎಂದು ಹಾಕಿದೆ.

ಹನ್ನೊಂದನೇ ದಿನ ಗಿರಿಜಾ ಹೇಳಿದಳು. "ಲಲಿತಕ್ಕನ ಕಾಲಿಗೆ ಗದ್ದೇಲಿ ಬಾಟ್ಲಿ ಚೂರು ಹೊಕ್ಕೈತಂತೆ. ಆರು ಹೊಲಿಗೆ ಹಾಕ್ಯಾರೆ. ಅಕ್ಕಗೆ ಗೊತ್ತೇ ಆಗ್ಲಿಲ್ಲಂತ್ರಿ. ಪಕ್ಕದಾಕೆ ನೀರು ಕೆಂಪಗಾಗಿದ್ದು ನೋಡಿ ಕೂಗ್ಯಾಳೆ."

ನಾನು ಅಂಗಿ ಹಾಕಿಕೊಂಡು ಹೊರಟೆ. ಹೊರಡುವ ಮುಂಚೆ ಎಲ್ಲವನ್ನೂ ಗಿರಿಜಾಳಿಗೆ ಹೇಳಿದೆ. ಅವಳು ಕೇಳಿದ್ದು ಇಷ್ಟೇ: "ಆಂಬುಲೆನ್ಸ್‌ನಾಗೆ ನಾನು ಆ ಡಾಕ್ಟ್ರಿಗೆ ಬೈತಾ ಕುಂತಾಗ ಸುಮ್ನೇ ಮಲಗಿದ್ರಲ್ಲ?"

ಲಲಿತಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಬಲಗಾಲಿಗೆ ಬ್ಯಾಂಡೇಜು. ಊರೆಲ್ಲ ಸೊಂಟ ಕೊಟ್ಟು ಮಲಗಿದ್ದು ಆ ಕಾಲಿನ ಕೆಳಗೇ. ನಾನು ನಿಂತೇ ಹೇಳಿದೆ, ಸುದ್ದಿ ಓದಿದ ಹಾಗೆ, ತಾರೀಕು ಸಮೇತ. ಮಂಗಳವಾರ ಇಂಜೆಕ್ಷನ್ ಆಗಿತ್ತು. ಭಾನುವಾರ ನೀನು ಕೇಳಿದಾಗ ಇಲ್ಲ ಅಂದೆ. ವಾರ್ಡಿನಲ್ಲಿ ನೀನು ಕೇಳಿದಾಗಲೂ ಸುಳ್ಳು ಹೇಳಿದೆ. ಇಂಜೆಕ್ಷನ್‌ನಿಂದ ನನಗೆ ಏನೂ ಕೆಡುಕಾಗಿಲ್ಲ, ಈಗ ನೋವಿಲ್ಲ.

ಅವಳು ಬಹಳ ಹೊತ್ತು ತನ್ನ ಕಾಲನ್ನೇ ನೋಡಿದಳು.

"ಸೂಜಿ ಬಿದ್ದ ಸೊಂಟಕ್ಕೆ ಒದೆಸಿದೆಲ್ಲೋ ನನ್ನ ಕೈಲಿ," ಎಂದಳು. "ಮೂವತ್ತು ವರ್ಷದಾಗೆ ಒಂದು ಸಲ ಆಗಿರ್ಲಿಲ್ಲ."

"ತಪ್ಪಾತಕ್ಕ."

"ನಂದೂ ಒಂದೈತೆ, ಕೇಳು. ಅವತ್ತೇ ಈ ಕಾಲು ಮರಗಟ್ಟಿತ್ತು. ಮೂರನೇದು ಎಷ್ಟು ಬಲವಾಗಿ ಬಿತ್ತು ಅಂತ ನಂಗೇ ತಿಳೀಲಿಲ್ಲ. ನೀನು ಆಸ್ಪತ್ರೆ ಸೇರಿದಿ ಅಂದಾಗ ನನ್ನ ಕಾಲಿಂದನೇ ಆತು ಅಂತ ಎರಡು ದಿನ ಅನ್ನ ಮುಟ್ಲಿಲ್ಲ. ಕೇಳಾಕೆ ಅಂತಾನೇ ಬಂದೆ. ನೀನು ಇಂಜೆಕ್ಷನ್ ಅಂದಿ. ನೀನು ಅಂದ್ಮೇಲೆ ಹಂಗೇ ಅಂತ ನಂಬಿದೆ. ಜೀವ ಹಗುರಾತು ನೋಡು."

ವಾರ್ಡಿನಲ್ಲಿ ಅವಳು ಬಿಟ್ಟ ಉಸಿರು ಅದಾಗಿತ್ತು.

ಮರುದಿನ ಅವಳನ್ನು ದಾವಣಗೆರೆಗೆ ಕರೆದೊಯ್ದೆ. ಮೊದಲು ನನ್ನ ಫೈಲು ತರಿಸಿ ಮೂರನೇ ಹಾಳೆಯ ಸಾಲು ತಪ್ಪು ಎಂದು ಹೇಳಿ, ಏನಾಗಿತ್ತೆಂದು ಹೇಳಿದೆ. ವೈದ್ಯರು ಗೆರೆ ಹೊಡೆದು, ಸರಿಯಾದದ್ದನ್ನು ಬರೆದು ಸಹಿ ಮಾಡಿದರು. "ಮೊದಲೇ ಹೇಳಿದ್ದಿದ್ರೆ ಮೂರು ದಿನ ಕಾರಣ ಹುಡುಕೋದು ತಪ್ತಿತ್ತು," ಎಂದರು, ಅಷ್ಟೇ. ಲಲಿತಕ್ಕನ ಪಾದವನ್ನು ಬ್ರಷ್ಷಿನಿಂದ, ಸೂಜಿಮೊನೆಯಿಂದ ಮುಟ್ಟಿ ನೋಡಿದಾಗ ಅವರ ಮುಖ ಬಿಗಿಯಾಯಿತು. ಹೆಬ್ಬೆರಳು ಮೇಲೆತ್ತಲು ಅವಳಿಗೆ ಆಗುತ್ತಿರಲಿಲ್ಲ. ಇಷ್ಟಾದ ಮೇಲೆ ಇಂಜೆಕ್ಷನ್ ನೋವಿಗಷ್ಟೇ, ಶಕ್ತಿ ಬರದಿದ್ದರೆ ಆಪರೇಷನ್ ಯೋಚಿಸಬೇಕಾಗುತ್ತದೆ ಎಂದರು. ಕೊಟ್ಟ ದಿನಕ್ಕೇ ಬಂದಿದ್ದರೆ ಎಂದು ನಾನು ಕೇಳಿದೆ. "ಹೇಳಕ್ಕಾಗಲ್ಲ. ನೋಡಿರ್ತಿದ್ವಿ," ಎಂದರು. ಆ ಉತ್ತರ ನನ್ನ ಜೊತೆಗೇ ಇದೆ.

ಅವಳಿಗೆ ಇಂಜೆಕ್ಷನ್ ಆಯಿತು. ನನ್ನ ಹಾಗೆಯೇ ನಾಲ್ಕು ದಿನ ಕೆಟ್ಟದಾಗಿತ್ತು. ನಾಲ್ಕೂ ದಿನ ನಾನು ಬೆಳಿಗ್ಗೆ ಒಂದು, ಸಂಜೆ ಒಂದು ಫೋನು ಮಾಡಿ, ನನಗೂ ಹೀಗೇ ಆಗಿತ್ತು ಎಂದು ಹೇಳಿದೆ. ಮೊದಲೇ ಹೇಳಬೇಕಿದ್ದ ಮಾತು. ಎರಡನೇ ವಾರಕ್ಕೆ ಅವಳ ಸೊಂಟದ ನೋವು ಇಳಿಯಿತು. ಆ ಹಂಗಾಮಿನಲ್ಲಿ ಉಳಿದಿದ್ದ ನಾಟಿ ಮಾತ್ರ ಅವಳ ಕೈತಪ್ಪಿತು. ಉಳಿದ ಗದ್ದೆಗಳ ಮೊದಲ ಸಸಿ ಬೇರೆಯವರು ಊರಿದರು, ಅವಳು ಬದುವಿನ ಮೇಲೆ ಕುಳಿತು ಸಾಲು ಸೊಟ್ಟ ಎಂದು ಬೈದಳು. ಒದೆಯುವುದನ್ನು ಬಿಟ್ಟಿದ್ದಾಳೆ. ಬಂದವರಿಗೆ, "ತನಗೇ ತಿಳೀದ ಕಾಲನ್ನ ಇನ್ನೊಬ್ರ ಮೇಲೆ ಇಡಬಾರ್ದು, ಆಸ್ಪತ್ರೆಗೆ ಹೋಗ್ರಿ," ಎನ್ನುತ್ತಾಳೆ.

ನನಗೆ ನಾಲ್ಕು ತಿಂಗಳ ಮೇಲೆ ನೋವು ಸ್ವಲ್ಪ ಮರಳಿದೆ. ಮೊದಲಿನಷ್ಟಿಲ್ಲ. ವ್ಯಾಯಾಮ ಮಾಡುತ್ತೇನೆ, ಗಂಟೆಗೊಮ್ಮೆ ಡೆಸ್ಕಿನಿಂದ ಏಳುತ್ತೇನೆ. ಇಂಜೆಕ್ಷನ್ ತಗಬಹುದಾ ಎಂದು ಕೇಳುವವರಿಗೆ, ನನ್ನ ಸೊಂಟದ ಕತೆ ನಿಮ್ಮ ಸೊಂಟದ್ದಲ್ಲ, ವೈದ್ಯರನ್ನು ಕೇಳಿ, ಅವರು ಕೇಳಿದ್ದಕ್ಕೆ ನಿಜ ಹೇಳಿ ಎನ್ನುತ್ತೇನೆ. ಇದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿಲ್ಲ.

ಕಳೆದ ತಿಂಗಳು ಲಲಿತಕ್ಕನನ್ನು ಮತ್ತೆ ತೋರಿಸಲು ಹೋಗಿದ್ದೆವು. ಹೆಬ್ಬೆರಳು ಈಗ ಸ್ವಲ್ಪ ಅಲ್ಲಾಡುತ್ತದೆ. ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದಾರೆ. ಕಾಯುವ ಕೋಣೆಯಲ್ಲಿ ಎಲ್ಲರೂ ಎಂದಿನಂತೆ ನಿಂತಿದ್ದರು. ಅವಳು ಚಪ್ಪಲಿ ಬಿಟ್ಟು, ಒಂದು ಕುರ್ಚಿಯಲ್ಲಿ ಆರಾಮಾಗಿ ಕುಳಿತಳು.

"ಇದ್ನ ಬರೀತೀಯಂತೆ? ಗಿರಿಜಾ ಅಂದ್ಲು."

"ಹೂಂ."

"ನನ್ನ ಹೆಸ್ರು ಹಾಕು. ನಿಂದೂ ಹಾಕು. ಆ ಮೂರು ಮಾತು ಮರೀಬ್ಯಾಡ. ಈ ಸಲ ಮೇಲಿನೋರು ತೆಗೀದಂಗೆ ನೋಡ್ಕ."

"ಅವತ್ತೂ ಮೇಲಿನೋರು ತೆಗ್ದಿರ್ಲಿಲ್ಲಕ್ಕ. ನಾನೇ ತೆಗ್ದಿದ್ದು."

"ಗೊತ್ತೈತೆ ಬಿಡು," ಎಂದಳು. "ಅವತ್ತೇ ಗೊತ್ತಿತ್ತು."

ಒಳಗಿನಿಂದ ಅವಳ ಹೆಸರು ಕೂಗಿದರು. ಅವಳು ಎದ್ದು ಬಲಗಾಲನ್ನು ಚಪ್ಪಲಿಯತ್ತ ತಳ್ಳಿದಳು. ಹೆಬ್ಬೆರಳು ಚಪ್ಪಲಿಯ ಉಂಗುರದ ಹೊರಗೇ ಉಳಿಯಿತು, ಅವಳಿಗೆ ತಿಳಿಯಲಿಲ್ಲ. ನಾನು ನಿಧಾನವಾಗಿ ಮಂಡಿಯೂರಿ ಕುಳಿತು, ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಉಂಗುರದೊಳಗೆ ಸೇರಿಸಿದೆ.

"ಸರಿಯಾಗಿ ಹೊಕ್ಕೈತಾ?" ಎಂದು ಮೇಲಿನಿಂದ ಕೇಳಿದಳು.

ಹೂಂ ಎನ್ನುವ ಮೊದಲು ಇನ್ನೊಂದು ಸಲ ನೋಡಿದೆ.